ಬಾಕಿ ಬಿಲ್ ಮಾರಿದರೆ ಸಾಲವೇ?

ಪ್ರಶ್ನೆ: ನಮ್ಮೂರು ಹೂಲಿ. ಸವದತ್ತಿಯೊಳಗ ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟೀನಿ, ಉದ್ಯಮ್ ನೋಂದಣಿ ಆಗೇತಿ. ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿ ಕೊಡತೀನಿ. ರೊಕ್ಕ ಬರೂದು ಮೂರು ತಿಂಗಳಿಗೆ. ಫ್ಯಾಕ್ಟರಿಂಗ್‌ನವರು ಬಿಲ್ ಮ್ಯಾಲೆ ಈಗಲೇ ರೊಕ್ಕ ಕೊಡತಾರಂತ. ಇದೂ ಸಾಲನೇ ಅಲ್ಲೇನ್ರಿ? ಹೊಲ ಒತ್ತಿ ಇಡಬೇಕಾಗತೈತೇನು?

ಉತ್ತರ: ಕಾನೂನಿನ ಕಣ್ಣಿಗೆ ಇದು ಸಾಲವಲ್ಲ, ಮಾರಾಟ. ಕಂಪನಿಯಿಂದ ನಿಮಗೆ ಬರಬೇಕಾದ ಹಣದ ಹಕ್ಕನ್ನೇ ಫ್ಯಾಕ್ಟರ್ ಸಂಸ್ಥೆಗೆ ಬರೆದುಕೊಡುತ್ತೀರಿ. 2011ರ ಫ್ಯಾಕ್ಟರಿಂಗ್ ನಿಯಂತ್ರಣ ಕಾಯ್ದೆಯ ವ್ಯಾಖ್ಯೆಯಲ್ಲಿ ಬಾಕಿಯ ಭದ್ರತೆ ಮೇಲಿನ ಸಾಲವೂ ಸೇರಿತ್ತು. 2021ರ ತಿದ್ದುಪಡಿ ಅದನ್ನು ಬಿಟ್ಟು ಹಕ್ಕು ವರ್ಗಾವಣೆಯನ್ನಷ್ಟೇ ಉಳಿಸಿಕೊಂಡಿತು. ಹೊಲದ ಉತಾರ ಕೇಳಿದರೆ ಕರಾರುಪತ್ರವನ್ನು ಬಲ್ಲವರಿಂದ ಇನ್ನೊಮ್ಮೆ ಓದಿಸಿ.

ಅದರಲ್ಲಿ ಹುಡುಕಬೇಕಾದ ಮಾತು ‘ವಿತ್ ರಿಕೋರ್ಸ್’. ಅದಿದ್ದರೆ ಕಂಪನಿ ಕೈಯೆತ್ತಿದಾಗ ಫ್ಯಾಕ್ಟರ್ ನಿಮ್ಮ ಬೆನ್ನು ಹತ್ತುತ್ತದೆ. ಹೆಸರಿಗೆ ಮಾರಾಟ, ನಷ್ಟ ಮಾತ್ರ ನಿಮ್ಮದೇ. ಖರ್ಚಿನ ಲೆಕ್ಕವನ್ನೂ ನೋಡಿ: ಲಕ್ಷ ರೂಪಾಯಿ ಬಿಲ್ಲಿಗೆ 80,000 ಮುಂಗಡ ಕೊಟ್ಟು ವರ್ಷಕ್ಕೆ ಶೇ 12ರ ದರ ಹಾಕಿದರೆ, 90 ದಿನಕ್ಕೆ ಸುಮಾರು 2,370 ರೂಪಾಯಿ ಹೋಗುತ್ತದೆ. ಶುಲ್ಕ ಬೇರೆ.

ನಿಮ್ಮಂಥವರಿಗೆ ನನ್ನ ಸಲಹೆ ಟ್ರೆಡ್ಸ್. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಆನ್‌ಲೈನ್ ವೇದಿಕೆ ಇದು. ಬಿಲ್ಲನ್ನು ಖರೀದಿದಾರ ಒಪ್ಪಿದ ಮೇಲೆ ಬ್ಯಾಂಕುಗಳು, ಫ್ಯಾಕ್ಟರ್‌ಗಳು ಸವಾಲು ಕೂಗುತ್ತವೆ. ಹಣ ವಸೂಲಾಗದಿದ್ದರೂ ನಿಮ್ಮನ್ನು ಕೇಳುವಂತಿಲ್ಲ. 250 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳು ಇದರಲ್ಲಿ ನೋಂದಾಯಿಸಬೇಕೆಂದು ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಆದೇಶಿಸಿದೆ. ಆದರೆ ನೋಂದಾಯಿಸಿದ ಮಾತ್ರಕ್ಕೆ ಪ್ರತಿ ಬಿಲ್ಲನ್ನೂ ಅಲ್ಲಿ ಒಪ್ಪಲೇಬೇಕೆಂದಿಲ್ಲ. ನಿಯಮದ ದೊಡ್ಡ ತೂತು ಅದೇ.

ಅಂದಹಾಗೆ, ಮೂರು ತಿಂಗಳು ಕಾಯಿಸುವುದೇ ತಪ್ಪು. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕರಾರಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಳಿದರೆ ಮುಂದಿನ ಆರ್ಡರ್ ತಪ್ಪೀತೆಂಬ ಅಂಜಿಕೆ ನನಗೂ ಗೊತ್ತು.

ಪ್ರಶ್ನೆ: ರಾಮದುರ್ಗದಾಗ ಬಟ್ಟೆ ವ್ಯಾಪಾರ. ನೂಲಿನ ಬಾಕಿ ಫ್ಯಾಕ್ಟರ್‌ಗೆ ಕಟ್ಟರಿ ಅಂತ ನೋಟಿಸ್ ಬಂದೈತಿ. ನೂಲು ಕೊಟ್ಟ ಸಾವಕಾರ್ರು ‘ನನಗ ಕೊಡು’ ಅಂತಾರ.

ಉತ್ತರ: ನೋಟಿಸ್ ಕೈಸೇರುವ ಮುಂಚೆ ಅವರಿಗೆ ಕೊಟ್ಟಿದ್ದರೆ ಬಾಕಿ ತೀರಿತು. ಈಗ ಕೊಟ್ಟರೆ ಎರಡು ಸಲ ಕಟ್ಟಬೇಕಾದೀತು. ನೋಟಿಸನ್ನು ಫ್ಯಾಕ್ಟರ್ ಕಳಿಸಿದ್ದರೆ ಸಾವಕಾರರು ಕೊಟ್ಟ ಅಧಿಕಾರಪತ್ರವೂ ಜೊತೆಗಿರಬೇಕು. ಅದಿಲ್ಲದಿದ್ದರೆ ಬರೆದು ಕೇಳಿ. ನೂಲು ಹಾಳಿದ್ದರೆ ಆ ತಕರಾರನ್ನೂ ಅದೇ ಪತ್ರದಲ್ಲಿ ಬರೆಯಿರಿ.

ಪ್ರಶ್ನೆ: ಬೈಲಹೊಂಗಲದ ದಲಾಲರು ಹತ್ತಿ ಬರೂಕಿಂತ ಮೊದಲೇ ರೊಕ್ಕ ಕೊಡತಾರ. ಅವರಿಗೂ ಫ್ಯಾಕ್ಟರ್ ಪರವಾನಗಿ ಬೇಕೇನ್ರಿ?

ಉತ್ತರ: ಬೇಡ. ಕೃಷಿ ಉತ್ಪನ್ನ ಮಾರಿಸುವ ಕಮಿಷನ್ ಏಜೆಂಟರನ್ನು ಕಾಯ್ದೆ ಹೆಸರಿಸಿಯೇ ಹೊರಗಿಟ್ಟಿದೆ. ಅದು ಎಪಿಎಂಸಿ ಕಾನೂನಿನ ಪಾಲು. ಮುಂಗಡಕ್ಕೆ ಚೀಟಿ ಪಡೆಯಿರಿ.