ಹೊಸದಾಗಿ ಬಂದ ಮಕ್ಕಳಿಗೆ ಒಂದು ಲ್ಯಾಕ್ರೋಸ್ ಬೇಸಿಗೆ

ಮಂಗಳೂರಿನ ಕಾವೂರು, ಬೊಂದೇಲ್, ಕೂಳೂರು ಕಡೆಯಿಂದ ಮೇ ಕೊನೆಗೋ ಜೂನ್ ಮೊದಲಿಗೋ ಮೇರಿಲ್ಯಾಂಡಿಗೆ ಬಂದಿಳಿಯುವ ಮನೆಗಳಲ್ಲಿ ದೊಡ್ಡವರಿಗೆ ನೂರು ಕೆಲಸ, ಮಕ್ಕಳಿಗೆ ಒಂದೂ ಇಲ್ಲ. ಊರಿನಲ್ಲಿ ಏಪ್ರಿಲ್‌ನಲ್ಲೇ ಪರೀಕ್ಷೆ ಮುಗಿದು ಅಜ್ಜಿಮನೆ, ಬೇಸಿಗೆ ಶಿಬಿರ, ಮದುವೆ, ನೇಮ ಎಲ್ಲ ಆಗಿಹೋಗಿರುತ್ತದೆ. ಗೆಳೆಯರು ಹೊಸ ಕೊಡೆ ಹಿಡಿದು ಶಾಲೆಗೆ ಹೊರಡುವ ಹೊತ್ತಿಗೆ ಇವರು ವಿಮಾನ ಹತ್ತುತ್ತಾರೆ. ಇಲ್ಲಿ ನೋಡಿದರೆ ಜೂನ್ ನಡುವಿನಲ್ಲಿ ಶಾಲೆಗೆ ಬೀಗ. ಮತ್ತೆ ತೆರೆಯುವುದು ಆಗಸ್ಟ್ ಕೊನೆಗೆ. ಒಂದು ರಜೆ ಮುಗಿಸಿ ಬಂದ ಮಗುವಿಗೆ ಇನ್ನೊಂದು ರಜೆ, ಅದೂ ಜೊತೆಗೆ ಆಡಲು ಒಬ್ಬರೂ ಇಲ್ಲದ ರಜೆ. ಆ ವಾರಗಳನ್ನೆಲ್ಲ ಫೋನಿಗೆ ಬಿಟ್ಟುಕೊಟ್ಟರೆ, ಹೊಸ ತರಗತಿಗೆ ಕಾಲಿಡುವ ದಿನ ಅಲ್ಲಿ ಒಂದು ಮುಖವೂ ಪರಿಚಯದ್ದಾಗಿರುವುದಿಲ್ಲ.

ಅದಕ್ಕೇ ಹೊಸಬರಿಗೆ ನಾನು ಹೇಳುವುದಿಷ್ಟು: ಈ ಬೇಸಿಗೆಯಲ್ಲೇ, ಒಂದು ವಾರವಾದರೂ, ಮಗುವನ್ನು ನಿಮ್ಮ ಬಡಾವಣೆಯ ಸಮುದಾಯ ಲ್ಯಾಕ್ರೋಸ್ ಶಿಬಿರಕ್ಕೆ ಕಳಿಸಿ. ಕ್ರಿಕೆಟ್ ಬಿಟ್ಟು ಇದೇಕೆ ಎಂದು ಕೇಳುವವರಿದ್ದಾರೆ. ಸಾಕರ್, ಬೇಸ್‌ಬಾಲ್ ಶಿಬಿರಗಳಿಗೆ ಬರುವ ಇಲ್ಲಿಯ ಮಕ್ಕಳು ನಾಲ್ಕೈದು ವರ್ಷದವರಿದ್ದಾಗಿನಿಂದ ಆಡಿ ಪಳಗಿರುತ್ತಾರೆ. ನಮ್ಮ ಮಗು ಅಲ್ಲಿ ಬದಿಗೆ ನಿಲ್ಲಬೇಕಾಗುತ್ತದೆ. ಆರಂಭಿಕರ ಲ್ಯಾಕ್ರೋಸ್ ಶಿಬಿರದಲ್ಲಿ ಹಾಗಾಗುವುದಿಲ್ಲ. ಕೋಲಿನ ತುದಿಯ ಬಲೆಯಲ್ಲಿ ಚೆಂಡನ್ನು ನಿಲ್ಲಿಸಿಕೊಂಡು ಓಡುವುದು ಮೊದಲ ದಿನ ಯಾರಿಗೂ ಬರುವುದಿಲ್ಲ. ಎಲ್ಲರ ಚೆಂಡೂ ಬೀಳುತ್ತದೆ, ಎಲ್ಲರೂ ಬಗ್ಗಿ ಎತ್ತಿಕೊಳ್ಳುತ್ತಾರೆ. ಇಂಗ್ಲಿಷಿನ ಉಚ್ಚಾರಕ್ಕೆ ಹೆದರಿ ಬಾಯಿ ತೆರೆಯದ ಮಗುವೂ ಆ ಗದ್ದಲದಲ್ಲಿ ತಾನಾಗಿ ಸೇರಿಕೊಳ್ಳುತ್ತದೆ.

ಆದರೆ ಶಿಬಿರ ಆರಿಸುವಾಗ ಕಣ್ಣು ತೆರೆದಿರಲಿ. ಮೇರಿಲ್ಯಾಂಡ್ 2004ರಲ್ಲಿ ಲ್ಯಾಕ್ರೋಸನ್ನು ರಾಜ್ಯದ ತಂಡ ಕ್ರೀಡೆ ಎಂದು ಘೋಷಿಸಿದ ಸೀಮೆ. ಕಾಲೇಜು ತಂಡದ ಕನಸು ಹೊತ್ತ ಕ್ಲಬ್ಬುಗಳು ಇಲ್ಲಿ ಬೇಕಾದಷ್ಟಿವೆ. ಅವುಗಳ ಶಿಬಿರಗಳ ಖರ್ಚೂ ಬಿಗಿಯೂ ಬೇರೆ. ನಿಮಗೆ ಬೇಕಾದದ್ದು ಕೌಂಟಿಯ ಮನರಂಜನಾ ಇಲಾಖೆಯೋ, ಸಮುದಾಯ ಕೇಂದ್ರವೋ, ಕನ್ನಡ ಕೂಟದಂಥ ಸಂಘವೋ ನಡೆಸುವ, ಹೈಸ್ಕೂಲು ಮಕ್ಕಳು ಸ್ವಯಂಸೇವಕರಾಗಿ ಚಿಕ್ಕವರಿಗೆ ಕಲಿಸುವ ಶಿಬಿರ.

ಆಟ ಕಲಿಯಲು ಕಷ್ಟವಲ್ಲ. ರಬ್ಬರ್ ಚೆಂಡನ್ನು ಕೈಯಿಂದ ಮುಟ್ಟದೆ, ಬಲೆಕೋಲಿನಲ್ಲೇ ಹಿಡಿದು, ಓಡಿ, ದಾಟಿಸಿ, ಆರಡಿ ಅಗಲ ಆರಡಿ ಎತ್ತರದ ಗೋಲಿಗೆ ಎಸೆಯಬೇಕು. ಓಡುವಾಗ ಚೆಂಡು ಬೀಳದಂತೆ ಮಣಿಕಟ್ಟನ್ನು ಒಳಕ್ಕೂ ಹೊರಕ್ಕೂ ಸತತವಾಗಿ ತಿರುಗಿಸುತ್ತಿರುವುದಕ್ಕೆ ಕ್ರೇಡ್ಲಿಂಗ್ ಎನ್ನುತ್ತಾರೆ. ಮಕ್ಕಳು ಮೊದಲು ಕಲಿಯುವುದು ಅದನ್ನೇ. ಕ್ರಿಕೆಟ್ ಆಡಿ ಬಂದ ನಮ್ಮ ಮಕ್ಕಳಿಗೆ ಕಣ್ಣು ಚುರುಕು, ಎಸೆತವೂ ನೇರ. ತೊಡಕಾಗುವುದು ಎರಡೇ ಕಡೆ. ನೆಲದಲ್ಲಿ ಉರುಳುವ ಚೆಂಡಿಗೆ ಅವರು ನಿಂತು ಕೈ ಹಾಕಿಬಿಡುತ್ತಾರೆ. ಇಲ್ಲಿ ಮೊಣಕಾಲು ಬಗ್ಗಿಸಿ, ಕೋಲನ್ನು ನೆಲಕ್ಕೆ ತಗ್ಗಿಸಿ, ಓಟ ನಿಲ್ಲಿಸದೆ ಬಾಚಿಕೊಂಡು ಹೋಗಬೇಕು. ಇನ್ನೊಂದು, ಎಡಗೈ. ಬಲಗೈ ಮೇಲೆ ಹಿಡಿದಷ್ಟೇ ಸಲೀಸಾಗಿ ಎಡಗೈ ಮೇಲೆ ಹಿಡಿದೂ ಆಡಲು ಬರಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಗೋಡೆಗೆ ಎಸೆದು ಹಿಡಿಯುವುದೇ ಉತ್ತಮ ಪಾಠ, ಆದರೆ ಅಪಾರ್ಟ್‌ಮೆಂಟಿನ ಗೋಡೆಗಲ್ಲ. ಸುಮಾರು 145 ಗ್ರಾಂ ತೂಗುವ ಆ ಚೆಂಡಿನ ಸದ್ದಿಗೆ ಪಕ್ಕದ ಮನೆಯವರು ಮ್ಯಾನೇಜರಿಗೆ ದೂರು ಕೊಟ್ಟೇ ಕೊಡುತ್ತಾರೆ. ಸಂಜೆ ಹತ್ತಿರದ ಶಾಲೆಯ ಹಿಂಬದಿಯ ಇಟ್ಟಿಗೆ ಗೋಡೆಗೆ ಕರೆದುಕೊಂಡು ಹೋಗಿ.

ಇದು ಯಾರ ಆಟ ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕೆಂದು ನಾನು ಸ್ವಯಂಸೇವಕರನ್ನೆಲ್ಲ ಕೇಳಿಕೊಳ್ಳುತ್ತೇನೆ. ಯುರೋಪಿನವರು ಈ ಖಂಡಕ್ಕೆ ಬರುವ ಮೊದಲೇ ಇಲ್ಲಿಯ ಮೂಲನಿವಾಸಿಗಳು ಆಡುತ್ತಿದ್ದ ಆಟ ಇದು. ಇಂದಿನ ನ್ಯೂಯಾರ್ಕ್ ರಾಜ್ಯ ಮತ್ತು ಕೆನಡಾದ ಗಡಿಯ ಸುತ್ತ ಬದುಕುವ ಹೋಡಿನೊಶೋನಿ ಒಕ್ಕೂಟದ ಆರು ಜನಾಂಗಗಳಿಗೆ ಇದು ಸೃಷ್ಟಿಕರ್ತ ಕೊಟ್ಟ ಆಟ. ಕಾಯಿಲೆ ಬಿದ್ದವರು ಗುಣವಾಗಲಿ ಎಂದು, ಊರಿಗೆ ಒಳಿತಾಗಲಿ ಎಂದು ಮರದ ಕೋಲು ಹಿಡಿದು ಅವರು ಇವತ್ತಿಗೂ ಆಡುತ್ತಾರೆ. ಮನೆಯಲ್ಲಿ ಯಾರಿಗೋ ಗುಣವಾಗಲೆಂದು ಕಟೀಲು ಯಕ್ಷಗಾನ ಮೇಳದ ಹರಕೆಯಾಟ ಆಡಿಸುವ ನಮ್ಮ ಊರಿನವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ 1867ರಲ್ಲಿ ನಿಯಮಗಳನ್ನು ಬರೆದು ಮುದ್ರಿಸಿದ ಮೇಲೆ ಆಟ ಬಿಳಿಯರ ಕ್ಲಬ್ಬುಗಳ ಪಾಲಾಯಿತು; 1880ರಲ್ಲಿ ಕೆನಡಾದ ಸಂಘ ಮೂಲನಿವಾಸಿ ಆಟಗಾರರನ್ನೇ ಚಾಂಪಿಯನ್‌ಷಿಪ್‌ನಿಂದ ಹೊರಗಿಟ್ಟಿತು. 2010ರಲ್ಲಿ ಮ್ಯಾಂಚೆಸ್ಟರಿನ ವಿಶ್ವ ಚಾಂಪಿಯನ್‌ಷಿಪ್‌ಗೆ ತಮ್ಮದೇ ಒಕ್ಕೂಟದ ಪಾಸ್‌ಪೋರ್ಟ್ ಹಿಡಿದು ಹೊರಟ ಹೋಡಿನೊಶೋನಿ ತಂಡಕ್ಕೆ ಬ್ರಿಟನ್ ವೀಸಾ ಕೊಡಲಿಲ್ಲ. ಬೇರೆ ಪಾಸ್‌ಪೋರ್ಟಿನಲ್ಲಿ ಹೋಗುವುದಕ್ಕಿಂತ ಹೋಗದಿರುವುದೇ ಮೇಲು ಎಂದು ಅವರು ಆ ಪಂದ್ಯಾವಳಿಯನ್ನೇ ಬಿಟ್ಟರು. ಪಾಸ್‌ಪೋರ್ಟಿಗೂ ವೀಸಾಕ್ಕೂ ಕಾದು ಬಂದ ನಮ್ಮ ಮಕ್ಕಳಿಗೆ ಈ ಕಥೆ ನೇರ ಮನಸ್ಸಿಗೆ ಇಳಿಯುತ್ತದೆ.

ಊರಿನ ಅಜ್ಜನಿಗೆ ಫೋನಿನಲ್ಲಿ ಹೇಳಲು ಒಂದು ಸುದ್ದಿಯೂ ಇದೆ. 2023ರ ಅಕ್ಟೋಬರ್ 16ರಂದು ಮುಂಬಯಿಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟನ್ನೂ ಲ್ಯಾಕ್ರೋಸನ್ನೂ ಒಂದೇ ತೀರ್ಮಾನದಲ್ಲಿ ಸೇರಿಸಿಕೊಂಡಿತು. ಒಲಿಂಪಿಕ್ಸ್‌ನಲ್ಲಿ ಹಿಂದೆ ಕ್ರಿಕೆಟ್ ಆಡಿದ್ದು 1900ರಲ್ಲಿ. ಲ್ಯಾಕ್ರೋಸ್‌ಗೆ ಪದಕ ಇದ್ದದ್ದು 1904 ಮತ್ತು 1908ರಲ್ಲಿ ಮಾತ್ರ. ಈಗ ಬರುತ್ತಿರುವುದು ಸಿಕ್ಸಸ್ ಎಂಬ ಚಿಕ್ಕ ರೂಪ: ಕಡೆಗೆ ಆರು ಜನ, ಎಂಟು ನಿಮಿಷದ ನಾಲ್ಕು ಸುತ್ತು.

ಸಾಮಾನಿನ ವಿಷಯಕ್ಕೆ ಬರೋಣ. ಮೊದಲ ಬೇಸಿಗೆಗೆ ಏನನ್ನೂ ಕೊಳ್ಳಬೇಡಿ. ಒಳ್ಳೆಯ ಆರಂಭಿಕ ಶಿಬಿರದಲ್ಲಿ ಪ್ಲಾಸ್ಟಿಕ್ ಗಿಡ್ಡ ಕೋಲು, ಮೆತ್ತಗಿನ ಚೆಂಡು ಅವರೇ ಕೊಡುತ್ತಾರೆ; ಮೈಗೆ ಮೈ ಒಡ್ಡುವ ಆಟ ಅಲ್ಲಿರುವುದಿಲ್ಲ. ಮಗುವಿಗೆ ಹಿಡಿಸಿ, ಗಟ್ಟಿ ಚೆಂಡಿನ ಆಟಕ್ಕೆ ಹೋಗುತ್ತೇನೆಂದರೆ ಮಾತ್ರ ಮುಂದಿನ ಖರ್ಚು. ಹುಡುಗರಿಗೆ ಹೆಲ್ಮೆಟ್, ಕೈಗವಸು, ಭುಜ ಮತ್ತು ತೋಳಿನ ರಕ್ಷೆ, ಬಾಯಿಗೆ ಮೌತ್‌ಗಾರ್ಡ್ ಬೇಕು. ಹುಡುಗಿಯರ ಆಟದಲ್ಲಿ ಮೈ ಡಿಕ್ಕಿಗೆ ಅವಕಾಶವಿಲ್ಲದ್ದರಿಂದ ಕಣ್ಣಿಗೆ ಗಾಗಲ್ಸ್ ಮತ್ತು ಮೌತ್‌ಗಾರ್ಡ್ ಸಾಕು. ಅವರ ಕೋಲಿನ ಬಲೆಯ ಆಳವೂ ಕಡಿಮೆ. ಅಣ್ಣನ ಕೋಲು ತಂಗಿಗೆ ನಡೆಯುವುದಿಲ್ಲ. ಪ್ಲೇ ಇಟ್ ಅಗೇನ್‌ನಂಥ ಅಂಗಡಿಗಳಲ್ಲಿ ಹಳೆಯ ಕೋಲು ಧೈರ್ಯವಾಗಿ ಕೊಳ್ಳಿ. ಹಳೆಯ ಭುಜರಕ್ಷೆಯನ್ನು ಮಾತ್ರ ಬೇಡ ಎನ್ನುತ್ತೇನೆ. ಚೆಂಡು ಎದೆಗೆ ಬಡಿದು ಹೃದಯದ ಲಯವೇ ತಪ್ಪುವ ಅಪಾಯ ಅಪರೂಪವಾದರೂ ಇದೆ. ಅದನ್ನು ತಡೆಯಲೆಂದೇ 2022ರಿಂದ ಹುಡುಗರ ಭುಜರಕ್ಷೆಗೆ ಹೊಸ ಮಾನದಂಡ ಬಂದಿದೆ. ಅದಕ್ಕೂ ಹಿಂದಿನ ರಕ್ಷೆಗಳಲ್ಲಿ ಆ ಕವಚ ಇರಬೇಕೆಂದಿಲ್ಲ. ಹೃದಯದ ಲಯ ಸರಿಪಡಿಸುವ ಎಇಡಿ ಯಂತ್ರ ಮೈದಾನದಲ್ಲಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಕಾಗದಪತ್ರದಲ್ಲಿ ನಮ್ಮವರು ಸಿಕ್ಕಿಬೀಳುವುದು ಲಸಿಕೆಯ ಪಟ್ಟಿಯಲ್ಲಿ. ಶಿಬಿರವೂ, ಆಮೇಲೆ ಶಾಲೆಯೂ ಎಂಎಂಆರ್ ಮತ್ತು ಚಿಕನ್‌ಪಾಕ್ಸ್ ಲಸಿಕೆಗಳನ್ನು ಕೇಳುತ್ತವೆ. ಕರ್ನಾಟಕದ ಸರಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಕೊಡುತ್ತಿರುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ ಮಾತ್ರ; ಕೆಪ್ಪಟೆಯ ಭಾಗ ಅದರಲ್ಲಿಲ್ಲ. ಚಿಕನ್‌ಪಾಕ್ಸ್ ಸರಕಾರಿ ಪಟ್ಟಿಯಲ್ಲೇ ಇಲ್ಲ. ತಾಯಿ ಕಾರ್ಡ್ ತಂದಿದ್ದರೂ ಇವೆರಡು ಬಾಕಿ ಉಳಿದಿರಬಹುದು. ಇನ್ನೂ ಊರಿನಲ್ಲೇ ಇದ್ದರೆ ಹೊರಡುವ ಮುಂಚೆ ಮಕ್ಕಳ ಡಾಕ್ಟರರಲ್ಲಿ ಹಾಕಿಸಿ, ದಿನಾಂಕ ಬರೆಸಿ, ಮೊಹರು ಒತ್ತಿಸಿ ತನ್ನಿ. ಇನ್ನೊಂದು ಮಾತು: ಮಗುವಿಗೆ 13 ತುಂಬಿರದಿದ್ದರೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಹಗಲಿನ ಶಿಬಿರದ ಶುಲ್ಕಕ್ಕೆ ತೆರಿಗೆ ರಿಯಾಯಿತಿ ಉಂಟು, ರಾತ್ರಿ ಅಲ್ಲೇ ಉಳಿಯುವ ಶಿಬಿರಕ್ಕೆ ಇಲ್ಲ. ರಸೀದಿ ಇಟ್ಟುಕೊಳ್ಳಿ. ಬುತ್ತಿಗೆ ನೆಲಗಡಲೆ ಚಿಕ್ಕಿ, ಗೋಡಂಬಿ ಬೇಡ. ಅಲರ್ಜಿಯ ಕಾರಣ ಬಹಳ ಶಿಬಿರಗಳಲ್ಲಿ ನಿಷೇಧ. ಬಳೆ, ಸರ, ಕಿವಿಯ ರಿಂಗ್ ಮನೆಯಲ್ಲೇ ಇರಲಿ. ದೊಡ್ಡ ನೀರಿನ ಬಾಟಲಿ ಖಂಡಿತ ಬೇಕು, ಇಲ್ಲಿಯ ಜುಲೈ ಬಿಸಿಲು ಮಂಗಳೂರಿನ ಏಪ್ರಿಲಿಗೆ ಕಡಿಮೆಯಿಲ್ಲ.

ಈಗ ದೊಡ್ಡ ಮಕ್ಕಳ ಮಾತು. ಈ ಲೇಖನ ಬರೆಯಲು ಹೊರಟದ್ದೇ ಮುಖ್ಯವಾಗಿ ಅವರಿಗಾಗಿ. ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಗೆಳೆಯರನ್ನು ಬಿಟ್ಟು ಬಂದವರ ನೋವು ಚಿಕ್ಕವರದ್ದಕ್ಕಿಂತ ಆಳ, ಅವರು ಅದನ್ನು ಹೇಳುವುದೂ ಇಲ್ಲ. ಅವರನ್ನು ಸ್ವಯಂಸೇವಕರಾಗಿ ಕಳಿಸಿ. ಲ್ಯಾಕ್ರೋಸ್ ಬರುವುದಿಲ್ಲವಲ್ಲ ಎಂದರೆ ಅಡ್ಡಿಯಿಲ್ಲ. ಚೆಂಡು ಹೆಕ್ಕುವುದು, ಕೋನ್‌ಗಳನ್ನು ಸಾಲಾಗಿಡುವುದು, ಅಳುವ ಮಗುವಿನ ಪಕ್ಕ ಮಂಡಿಯೂರಿ ಕೂರುವುದು, ಲೇಸು ಕಟ್ಟುವುದು, ಇವೇ ಅರ್ಧ ಕೆಲಸ. ಎರಡು ಮೂರು ದಿನದಲ್ಲಿ ಚಿಕ್ಕವರ ಹೆಸರೆಲ್ಲ ಬಾಯಿಗೆ ಬರುತ್ತದೆ. ನಮ್ಮ ಕನ್ನಡ ಕೂಟದ ಪುಟ್ಟ ಮಕ್ಕಳು ಅವರನ್ನು ಕೋಚ್ ಎನ್ನದೆ ಅಣ್ಣ, ಅಕ್ಕ ಎಂದೇ ಕರೆಯುತ್ತಾರೆ, ಅದನ್ನು ತಿದ್ದಬೇಡಿ. ಊರು ಬಿಟ್ಟು ಬಂದ ಹುಡುಗನಿಗೆ ಇಲ್ಲಿ ಯಾರಿಗೋ ತಾನು ಅಣ್ಣ ಎಂದಾಗುವುದು ದೊಡ್ಡ ಬಲ.

ಇದಕ್ಕೆ ಶಾಲೆಯ ಲೆಕ್ಕವೂ ಉಂಟು. ಮೇರಿಲ್ಯಾಂಡಿನ ಸರಕಾರಿ ಹೈಸ್ಕೂಲು ಮುಗಿಸಲು 75 ಗಂಟೆಗಳ ಸೇವೆ ಕಡ್ಡಾಯ. ಕೆಲವು ಕೌಂಟಿಗಳಲ್ಲಿ ಒಂದು ಪಾಲು ಪಾಠದಲ್ಲೇ ಸೇರಿರುತ್ತದೆ. ಶಿಬಿರಕ್ಕೆ ಮುಂಚೆಯೇ ಶಾಲೆಯ ಕೌನ್ಸೆಲರಲ್ಲಿ ವಿಚಾರಿಸಿ, ಫಾರಂ ಪಡೆದಿಟ್ಟುಕೊಳ್ಳಿ. ಮುಗಿದ ಮೇಲೆ ಸಹಿಗೆ ಅಲೆಯುವ ಹಾಗಾಗಬಾರದು. ಸಂಬಳಕ್ಕೆ ದುಡಿಯಲು ಅನುಮತಿಯಿಲ್ಲದ ಎಚ್-4 (ಅವಲಂಬಿತರ) ವೀಸಾದಲ್ಲಿರುವ ಮಕ್ಕಳ ತಂದೆತಾಯಿ ಒಂದು ವಿಷಯದಲ್ಲಿ ಬಹಳ ಜಾಗ್ರತೆ ವಹಿಸಬೇಕು. ಲಾಭರಹಿತ ಸಂಸ್ಥೆಯಲ್ಲಿ, ಸಾಮಾನ್ಯವಾಗಿ ಯಾರೂ ಸಂಬಳ ಪಡೆಯದ ಕೆಲಸವನ್ನು ಬಿಟ್ಟಿಯಾಗಿ ಮಾಡಬಹುದು. ಕೊನೆಯ ದಿನ ಪ್ರೀತಿಯಿಂದಲೇ ಕೊಟ್ಟ ಸ್ಟೈಪೆಂಡ್ ಆಗಲಿ ಗಿಫ್ಟ್ ಕಾರ್ಡ್ ಆಗಲಿ ಸಂಭಾವನೆ ಎನಿಸಿಕೊಂಡೀತು. ವಿನಯದಿಂದ ಬೇಡ ಎನ್ನಲು ಮಗುವಿಗೆ ಮೊದಲೇ ಹೇಳಿಕೊಡಿ. ಖಾಸಗಿ ಕ್ಲಬ್ಬಿನಲ್ಲಿ ಸಂಬಳದವರು ಮಾಡುವ ಕೆಲಸಕ್ಕೆ ಬಿಟ್ಟಿಯಾಗಿಯೂ ನಿಲ್ಲಬಾರದು. ಸಂದೇಹವಿದ್ದರೆ ವೀಸಾ ವಕೀಲರನ್ನು ಕೇಳಿ.

ಹದಿಹರೆಯದವರು ಕಲಿಸುತ್ತಾರೆ ಎಂದರೆ ದೊಡ್ಡವರು ಇಲ್ಲ ಎಂದಲ್ಲ. ಮೈದಾನದಲ್ಲಿ ಹಿನ್ನೆಲೆ ತಪಾಸಣೆಯಾದ ವಯಸ್ಕರು ಇರಲೇಬೇಕು. ಯಾವ ದೊಡ್ಡವರೂ ಯಾವ ಮಗುವಿನೊಂದಿಗೂ ಒಂಟಿಯಾಗಿ, ಮರೆಯಲ್ಲಿ ಇರಕೂಡದು. ತಲೆಗೆ ಪೆಟ್ಟಾದ ಮಗುವನ್ನು ಆ ದಿನ ಮತ್ತೆ ಆಟಕ್ಕೆ ಬಿಡಬಾರದು. ಮಗು ಎಷ್ಟೇ ಬೇಡಿಕೊಂಡರೂ ಸರಿ. ಇಷ್ಟಕ್ಕೆ ಸ್ಪಷ್ಟ ಉತ್ತರ ಕೊಡದ ಶಿಬಿರದಿಂದ ಹಣ ವಾಪಸು ಕೇಳಿ. ಬದಿಯಲ್ಲಿ ನಿಂತ ತಂದೆತಾಯಿಯೂ ತುಸು ತಾಳ್ಮೆ ವಹಿಸಬೇಕು. ಎಷ್ಟು ಗೋಲು ಹೊಡೆದೆ ಎಂದು ಮೊದಲ ವಾರ ಕೇಳಬೇಡಿ. ಕಲಿಸುವ ಹುಡುಗಿಯ ತಪ್ಪನ್ನು ಮಕ್ಕಳೆದುರು ಎತ್ತಿ ಆಡಬೇಡಿ. ಮೇಲ್ವಿಚಾರಕರ ಕಿವಿಗೆ ಹಾಕಿದರೆ ಸಾಕು.

ಊರಿಗೆ ಹೋದಾಗ ಕಾವೂರಿನ ಮಕ್ಕಳಿಗೂ ಇದನ್ನು ತೋರಿಸಬೇಕೆಂಬ ಆಸೆ ನಮ್ಮ ಹುಡುಗ ಹುಡುಗಿಯರಲ್ಲಿ ಕಾಣುತ್ತಿದೆ. ಅದನ್ನು ಬೆಳೆಸೋಣ. ಉಗಾಂಡಾದಲ್ಲಿ ಹೊರಗಿನಿಂದ ಹೋದ ಯುವ ಸ್ವಯಂಸೇವಕರು ಮಕ್ಕಳಿಗೆ ಕಲಿಸಿದ ಆಟ ಬೇರು ಬಿಟ್ಟು, 2014ರಲ್ಲಿ ಡೆನ್ವರಿನ ವಿಶ್ವ ಚಾಂಪಿಯನ್‌ಷಿಪ್‌ಗೆ ಆಫ್ರಿಕಾದಿಂದ ಬಂದ ಮೊದಲ ತಂಡ ಅವರದ್ದಾಯಿತು. ನಮ್ಮ ಅಡಚಣೆ ಕ್ಯಾಲೆಂಡರಿನದು. ಇಲ್ಲಿ ರಜೆ ಇರುವ ಜುಲೈಯಲ್ಲಿ ಅಲ್ಲಿ ಜಡಿಮಳೆ, ಮೈದಾನವೆಲ್ಲ ಕೆಸರು, ಶಾಲೆಯೂ ನಡೆಯುತ್ತಿರುತ್ತದೆ. ಅಲ್ಲಿ ಶಿಬಿರಗಳು ತುಂಬಿ ತುಳುಕುವ ಏಪ್ರಿಲಿನಲ್ಲಿ ಇಲ್ಲಿ ಪರೀಕ್ಷೆ. ಹಾಗಾಗಿ ಡಿಸೆಂಬರ್ ಕೊನೆಯ ವಾರವೇ ಸರಿ. ಒಣಹವೆ, ಗಟ್ಟಿ ನೆಲ. ಜುಲೈಯಲ್ಲೇ ಹೋಗುವುದಾದರೆ ಶಾಲೆಯ ಸಭಾಂಗಣದೊಳಗೆ ಮೆತ್ತಗಿನ ಚೆಂಡಿನಲ್ಲಿ, ಶನಿವಾರ ಮಧ್ಯಾಹ್ನದ ಮೇಲೆ ಆಡಿಸಬಹುದು. ಹೆಡ್‌ಮಾಸ್ಟ್ರಿಗೆ ತಿಂಗಳು ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಕೋಲುಗಳನ್ನು ಚೆಕ್-ಇನ್ ಸಾಮಾನಿನಲ್ಲೇ ಹಾಕಿ. ಪಿ.ಟಿ. ಮಾಸ್ಟ್ರನ್ನು ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಂಡು ಅವರಿಗೂ ಕಲಿಸಿ. ವಾಪಸು ಬರುವಾಗ ಕೋಲು, ಚೆಂಡು ಎಲ್ಲವನ್ನೂ ಅವರ ವಶಕ್ಕೆ ಕೊಟ್ಟು ಬನ್ನಿ. ಬಳಸಿದ ಕೋಲು, ಮೆತ್ತಗಿನ ಚೆಂಡು ನಿಮ್ಮ ಮನೆಯ ಗ್ಯಾರೇಜಿನಲ್ಲಿದ್ದರೆ ಮುಂದಿನ ಕೂಟದ ದಿನ ತನ್ನಿ, ಡಿಸೆಂಬರಿಗೆ ಊರಿಗೆ ಹೋಗುವವರ ಸೂಟ್‌ಕೇಸಿಗೆ ಅಲ್ಲೇ ಹಂಚಿ ಹಾಕೋಣ.