ಜನಾಂದೋಲನ ಮತ್ತು ಆಸ್ಟ್ರೋಟರ್ಫಿಂಗ್

ಹಣ ಕೊಟ್ಟವರನ್ನು ಮರೆಮಾಚಿ, ಜನರೇ ತಾವಾಗಿ ಎದ್ದು ನಿಂತಂತೆ ಬಿಂಬಿಸುವ ಪ್ರಚಾರವೇ ‘ಆಸ್ಟ್ರೋಟರ್ಫಿಂಗ್’. ಈ ಅರ್ಥದಲ್ಲಿ ಪದವನ್ನು 1985ರಲ್ಲಿ ಬಳಸಿದವರು ಅಮೆರಿಕದ ಸೆನೆಟರ್ ಲಾಯ್ಡ್ ಬೆಂಟ್ಸನ್. ಆಸ್ಟ್ರೋಟರ್ಫ್ ಕೃತಕ ಹುಲ್ಲಿನ ಬ್ರ್ಯಾಂಡ್; ‘ಗ್ರಾಸ್‌ರೂಟ್ಸ್’ (ಹುಲ್ಲಿನ ಬೇರು) ಎನಿಸಿಕೊಳ್ಳುವ ಜನಾಂದೋಲನದ ನಕಲಿಗೆ ಅದರಿಂದಲೇ ಈ ಹೆಸರು.

ಮುಖ್ಯ ಪ್ರಕರಣ: 2009ರಲ್ಲಿ ವ್ಯಾಕ್ಸ್‌ಮನ್–ಮಾರ್ಕಿ ಹವಾಮಾನ ಮಸೂದೆಯನ್ನು ವಿರೋಧಿಸಿ ವರ್ಜೀನಿಯಾದ ಜನಪ್ರತಿನಿಧಿ ಟಾಮ್ ಪೆರಿಯೆಲ್ಲೊ ಕಚೇರಿಗೆ ಪತ್ರಗಳು ಬಂದವು. ಒಂದರಲ್ಲಿ ಸ್ಥಳೀಯ ಹಿಸ್ಪಾನಿಕ್ ಸಂಘಟನೆಯ ಲೆಟರ್‌ಹೆಡ್, ಕೆಳಗೆ ಸಹಿ. ಆ ಹೆಸರಿನವರು ಸಂಘಟನೆಯಲ್ಲಿ ಇರಲೇ ಇಲ್ಲ. ಪತ್ರ ಸೃಷ್ಟಿಯಾದದ್ದು ಬಾನರ್ ಅಂಡ್ ಅಸೋಸಿಯೇಟ್ಸ್ ಎಂಬ ಲಾಬಿ ಸಂಸ್ಥೆಯಲ್ಲಿ. ಪ್ರಚಾರದ ಹಿಂದಿದ್ದದ್ದು ಕಲ್ಲಿದ್ದಲು ವಿದ್ಯುತ್ ಉದ್ಯಮದ ಒಕ್ಕೂಟ. ದನಿ ಕೇಳಿಸದ ಸಮುದಾಯದ ಹೆಸರನ್ನೇ ಕದ್ದದ್ದು ಇಲ್ಲಿನ ಅತಿ ಹೇಯ ಸಂಗತಿ.

ಹೋಲಿಕೆಗೆ, ನಿಜವಾದ ಜನಾಂದೋಲನ: ಬಸ್‌ಗಳಲ್ಲಿನ ವರ್ಣಭೇದದ ವಿರುದ್ಧ ಅಮೆರಿಕದಲ್ಲಿ ನಡೆದ 1955ರ ಮಾಂಟ್ಗೊಮರಿ ಬಸ್ ಬಹಿಷ್ಕಾರ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅವರ ಬಂಧನದ ರಾತ್ರಿಯೇ ಸ್ಥಳೀಯ ಕಾರ್ಯಕರ್ತೆ ಜೋ ಆನ್ ರಾಬಿನ್ಸನ್ ಸಾವಿರಾರು ಕರಪತ್ರ ಸಿದ್ಧಪಡಿಸಿದರು. ಚರ್ಚ್‌ಗಳಲ್ಲಿ ಸಭೆ ಸೇರಿ ಜನರೇ ತೀರ್ಮಾನಿಸಿದರು. 381 ದಿನ ನಡೆದೋ, ಕಾರು ಹಂಚಿಕೊಂಡೋ ಕೆಲಸಕ್ಕೆ ಹೋದರು.

ಪರೀಕ್ಷೆ ಬರೆಯುವ ಅಭ್ಯರ್ಥಿಗಳು ಎಡವುವುದು ಇಲ್ಲೇ: ಮಾಂಟ್ಗೊಮರಿಗೂ ಹೊರಗಿನಿಂದ ದೇಣಿಗೆ ಬಂದಿತ್ತು, ಬಿಗಿಯಾದ ಸಂಘಟನೆಯೂ ಇತ್ತು. ಆದ್ದರಿಂದ ಹಣವಿದೆ, ಶಿಸ್ತಿದೆ ಎಂಬ ಕಾರಣಕ್ಕೇ ನಕಲಿ ಎಂದು ಬರೆಯಬೇಡಿ. ಹಣದ ಮೂಲ ಬಹಿರಂಗವೇ, ಸಹಿ ಹಾಕಿದವರು ನಿಜಕ್ಕೂ ಇದ್ದಾರೆಯೇ, ಚಳವಳಿ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ನೋಡಿ.