ತೋಟವೋ ಕಾಡೋ? ಉಪಗ್ರಹ ಚಿತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಆರು ಎಕರೆ ಕಾಫಿ ತೋಟ. ಉಪಗ್ರಹದ ನಕ್ಷೆಯಲ್ಲಿ ನಮ್ಮ ತೋಟವನ್ನೂ ಕಾಡು ಅಂತ ತೋರಿಸಿದ್ದಾರಂತೆ. ಪಕ್ಕದ ತೋಟದವರು ಹಾಗೆ ಹೇಳಿದಾಗಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಕಸ್ತೂರಿರಂಗನ್ ವರದಿ ಜಾರಿಯಾದರೆ ತೋಟ ಬಿಟ್ಟು ಹೋಗಬೇಕೇ?
– ಒಬ್ಬ ಬೆಳೆಗಾರರು, ಮೂಡಿಗೆರೆ

ಉತ್ತರ: ಉಪಗ್ರಹ ನಿಮ್ಮ ತೋಟವನ್ನು ತಪ್ಪಾಗಿ ಓದಿದೆ ಎಂಬುದು ನಿಮ್ಮ ಒಂದು ಆತಂಕ. ಆ ತಪ್ಪಿನಿಂದ ತೋಟವೇ ಕೈಬಿಟ್ಟು ಹೋದೀತು ಎಂಬುದು ಇನ್ನೊಂದು. ನಿಮ್ಮ ನಿದ್ದೆ ಕೆಡಿಸಿರುವುದು ಎರಡನೆಯದು, ಹಾಗಾಗಿ ಅದನ್ನೇ ಮೊದಲು ನೋಡೋಣ.

ಉಪಗ್ರಹ ಚಿತ್ರದಿಂದ ಯಾರ ಪಹಣಿಯೂ ಬದಲಾಗುವುದಿಲ್ಲ. ಊರು ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರಿದರೂ ನಿಮ್ಮ ಹೆಸರಿನ ಜಮೀನು ನಿಮ್ಮದೇ. ಪಶ್ಚಿಮ ಘಟ್ಟದ ಬಗೆಗಿನ ಕಸ್ತೂರಿರಂಗನ್ ವರದಿಯನ್ನು ಆಧರಿಸಿದ 2024ರ ಜುಲೈ 31ರ ಕರಡು ಅಧಿಸೂಚನೆ ಆರು ರಾಜ್ಯಗಳ 56,825.7 ಚದರ ಕಿ.ಮೀ. ಪ್ರದೇಶವನ್ನು ಗುರುತಿಸಿತು. ಅದರಲ್ಲಿ ಕರ್ನಾಟಕದ್ದು 20,668. ಅಲ್ಲಿ ಬೇಡ ಎಂದಿರುವುದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ‘ಕೆಂಪು’ ವರ್ಗದ (ಅತಿ ಹೆಚ್ಚು ಮಾಲಿನ್ಯದ) ಕೈಗಾರಿಕೆ ಮತ್ತು 20,000 ಚದರ ಮೀಟರಿಗಿಂತ ದೊಡ್ಡ ಹೊಸ ಕಟ್ಟಡಗಳು. ಕಾಫಿ ಬೆಳೆಯಬೇಡಿ ಎಂದು ಅದು ಹೇಳುವುದಿಲ್ಲ.

ಈಗ ಮೊದಲನೆಯ ಆತಂಕ. ಅದು ಬರಿಯ ಕಲ್ಪನೆಯಲ್ಲ. ಎಲೆಯೊಳಗಿನ ಪತ್ರಹರಿತ್ತು (ಹಸಿರು ಬಣ್ಣದ ವಸ್ತು) ಬಿಸಿಲಿನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳರಚನೆ ಅವಕೆಂಪು (ಕಣ್ಣಿಗೆ ಕಾಣದ, ಕೆಂಪಿನಾಚೆಯ) ಬೆಳಕನ್ನು ಮೇಲಕ್ಕೆ ಕಳಿಸುತ್ತದೆ. ಉಪಗ್ರಹ ಇವೆರಡನ್ನೂ ಅಳೆಯುತ್ತದೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವುದೇ ಎನ್‌ಡಿವಿಐ (ಹಸಿರಿನ ಸೂಚ್ಯಂಕ). ಬರಿ ನೆಲದಲ್ಲಿ ಅದು ಸೊನ್ನೆಯ ಹತ್ತಿರವಿರುತ್ತದೆ, ದಟ್ಟ ಎಲೆಯಿದ್ದರೆ ಒಂದರತ್ತ ಏರುತ್ತದೆ. ನಿಮ್ಮ ತೋಟದ ಮೇಲೆ ನಿಂತು ಕೆಳಗೆ ನೋಡಿದರೆ ಕಾಣುವುದೇನು? ಸಿಲ್ವರ್ ಓಕ್, ಹಲಸು, ಅತ್ತಿಯ ನೆತ್ತಿ. ಕಾಫಿ ಗಿಡ ಅದರ ಕೆಳಗೆ ಮರೆಯಾಗಿರುತ್ತದೆ. ಕಸ್ತೂರಿರಂಗನ್ ಸಮಿತಿ 2013ರ ವರದಿಗೆ ಬಳಸಿದ ನಮ್ಮ ದೇಶದ ಉಪಗ್ರಹ ಚಿತ್ರಗಳಲ್ಲಿ ಒಂದು ಪಿಕ್ಸೆಲ್ (ಚಿತ್ರದ ಅತಿ ಚಿಕ್ಕ ಚೌಕ) ಸುಮಾರು ಐದೂವರೆ ಗುಂಟೆಯಷ್ಟು. ಆ ಐದೂವರೆ ಗುಂಟೆಗೆಲ್ಲ ಸೇರಿ ಒಂದೇ ಬಣ್ಣ. ನೆರಳಿನ ತೋಟಕ್ಕೂ ಕಾಡಿಗೂ ಅಲ್ಲಿ ಗೊಂದಲವಾಗುವುದು ಸಹಜ.

ಬಿಡಿಸಿ ನೋಡುವ ದಾರಿಯೂ ಇದೆ. ಒಂದೇ ದಿನದ ಚಿತ್ರದ ಬದಲು ಇಡೀ ವರ್ಷದ ಚಿತ್ರಗಳನ್ನು ಸಾಲಾಗಿ ಜೋಡಿಸಬೇಕು. ಮಳೆಗಾಲಕ್ಕೆ ಮುಂಚೆ ನೀವು ಮರಗಸಿ ಮಾಡಿಸುತ್ತೀರಿ, ತೋಟದ ನೆತ್ತಿ ತೆಳುವಾಗುತ್ತದೆ. ಪಕ್ಕದ ಕಾಡಿನಲ್ಲಿ ಕೊಂಬೆ ಕಡಿಯುವವರಿಲ್ಲ, ಅದು ಹಾಗೆ ತೆಳುವಾಗುವುದಿಲ್ಲ. ಈ ಏರಿಳಿತ ಗೊತ್ತಿರುವ ತಜ್ಞರು ತೋಟವನ್ನು ಗುರುತು ಹಿಡಿಯುತ್ತಾರೆ, ಆಮೇಲೆ ಸ್ಥಳಕ್ಕೆ ಬಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಸ್ಥಳಕ್ಕೆ ಬಾರದೆ ಮಾಡಿದ ನಕ್ಷೆಯನ್ನು ನಾನು ಅರ್ಧ ಕೆಲಸವೆಂದೇ ಎಣಿಸುತ್ತೇನೆ.

ಇನ್ನೊಂದು ಮಾತು. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ ‘ಅರಣ್ಯ ಹೊದಿಕೆ’ ಎಂದರೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ 10ಕ್ಕಿಂತ ಹೆಚ್ಚು ಮರದ ನೆರಳಿರುವ ಯಾವುದೇ ಜಾಗ. ಒಡೆಯರು ಯಾರೆಂದು ಅದು ಕೇಳುವುದಿಲ್ಲ. ಆ ಲೆಕ್ಕದಲ್ಲಿ ನಿಮ್ಮ ತೋಟ ಸೇರಿರಲೂಬಹುದು. ದಾಖಲೆಯ ಅರಣ್ಯವೇ ಬೇರೆ, ಅದು ಸರ್ಕಾರದ ಕಡತದಲ್ಲಿರುತ್ತದೆ. ತೋಟದ ಹಸಿರನ್ನು ಬೇರೆಯಾಗಿಯೇ ಅಚ್ಚುಹಾಕಿದ್ದರೆ ನಿಮ್ಮಂಥ ಎಷ್ಟೋ ಮನೆಗಳ ದಿಗಿಲು ತಪ್ಪುತ್ತಿತ್ತು.

ನೀವು ಮಾಡಬೇಕಾದ್ದು ಇಷ್ಟು: ಪಹಣಿ ಮತ್ತು ಸರ್ವೆ ನಕ್ಷೆಯನ್ನು ಸರಿಯಾಗಿಟ್ಟುಕೊಳ್ಳಿ. ಮೊಬೈಲಿನಲ್ಲಿ ಸ್ಥಳ ದಾಖಲಾಗುವಂತೆ ತೋಟದ ಒಳಗಿನಿಂದ, ಕಾಫಿ ಗಿಡ ಕಾಣುವ ಹಾಗೆ, ನಾಲ್ಕಾರು ಕಡೆ ಫೋಟೊ ತೆಗೆದಿಡಿ. ಹೊಸ ಕರಡು ಬಂದಾಗ ಆಕ್ಷೇಪಣೆಗೆ 60 ದಿನ ಇರುತ್ತದೆ. ಅಲ್ಲಿ ಲೆಕ್ಕಕ್ಕೆ ಹಿಡಿಯುವುದು ಇಡೀ ಹಳ್ಳಿಯನ್ನು, ಆದ್ದರಿಂದ ಪಂಚಾಯಿತಿಯ ಮೂಲಕ ಊರವರೆಲ್ಲ ಸೇರಿ ಬರೆಯಿರಿ.

ಪ್ರಶ್ನೆ: ಈ ಸಲ ಸಜ್ಜೆ ಆಳೆತ್ತರ ಬೆಳೆಯಿತು. ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟು ತೆನೆ ಪೂರಾ ಜೊಳ್ಳು. ‘ಉಪಗ್ರಹದಲ್ಲಿ ನಿಮ್ಮ ಹೊಲ ಹಸಿರಾಗೇ ಕಂಡಿದೆ, ವಿಮೆ ಬರಲ್ಲ’ ಅಂತ ಊರಲ್ಲಿ ಹೇಳುತ್ತಿದ್ದಾರೆ. ನಿಜವೇ?
– ಒಬ್ಬ ರೈತರು, ಕುಷ್ಟಗಿ ತಾಲ್ಲೂಕು

ಉತ್ತರ: ಕೈಗೆ ಬಂದ ಬೆಳೆ ಹೀಗೆ ಹೋದ ಮೇಲೆ ಇಂಥ ಮಾತು ಕೇಳಿ ನೀವು ಕಂಗಾಲಾಗಿರುವುದು ಅರ್ಥವಾಗುತ್ತದೆ. ಧೈರ್ಯವಾಗಿರಿ, ನಿಮ್ಮ ಊರಿನಲ್ಲಿ ಹೇಳುತ್ತಿರುವಷ್ಟು ಸರಳವಾಗಿ ವಿಮೆ ತೀರ್ಮಾನವಾಗುವುದಿಲ್ಲ.

ಎಲೆಯ ಹಸಿರನ್ನು ಅಳೆಯುವ ಉಪಗ್ರಹಕ್ಕೆ ತೆನೆಯೊಳಗಿನ ಕಾಳು ಕಾಣುವುದಿಲ್ಲ. ತೆನೆ ಜೊಳ್ಳಾದರೂ ಎಲೆ ಕೆಲವು ದಿನ ಹಸಿರಾಗಿಯೇ ಇರುತ್ತದೆ. ಕಳೆ ಬೆಳೆದರಂತೂ ಬೆಳೆ ಹೋದ ಹೊಲವೂ ಹಸಿರು. ವಿಮೆಗೆ ಮುಖ್ಯವಾದುದು ಬೆಳೆ ಕಟಾವು ಪ್ರಯೋಗ. ಮುಖ್ಯ ಬೆಳೆಯಾದರೆ ಗ್ರಾಮ ಪಂಚಾಯಿತಿಗೆ ನಾಲ್ಕು ಹೊಲಗಳನ್ನು ಚೀಟಿ ಎತ್ತಿದಂತೆ ಆರಿಸುತ್ತಾರೆ. ಪ್ರತಿ ಹೊಲದಲ್ಲೂ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಹಿಡಿದು, ಅಷ್ಟನ್ನೇ ಕೊಯ್ದು, ಬಡಿದು, ಕಾಳು ತೂಗುತ್ತಾರೆ. ಜೊಳ್ಳು ಅಲ್ಲಿ ತಾನಾಗಿ ಗೊತ್ತಾಗುತ್ತದೆ. ಭತ್ತ ಮತ್ತು ಗೋಧಿಯ ಇಳುವರಿ ಲೆಕ್ಕಕ್ಕೆ 2023ರ ಮುಂಗಾರಿನಿಂದ ಉಪಗ್ರಹ ಆಧಾರಿತ ಅಂದಾಜನ್ನೂ ಒಂದು ಪಾಲಾಗಿ ಸೇರಿಸುವ ಕ್ರಮ ಬಂದಿದೆ. ನಿಮ್ಮದು ಸಜ್ಜೆ.

ಪರಿಹಾರ ನಿಮ್ಮೊಬ್ಬರ ಹೊಲ ನೋಡಿ ಬರುವುದಿಲ್ಲ, ಪಂಚಾಯಿತಿಯ ಸರಾಸರಿ ಇಳುವರಿ ನೋಡಿ ಬರುತ್ತದೆ. ಹಾಗಾಗಿ ಕಟಾವು ಪ್ರಯೋಗ ಯಾವ ಸರ್ವೆ ನಂಬರಿನಲ್ಲಿ, ಯಾವತ್ತು ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಊರಿನ ಒಂದಿಬ್ಬರು ಎದುರಿಗೆ ನಿಂತು ನೋಡಿ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಹೊಲಕ್ಕೆ ಸಜ್ಜೆ ಎಂದೇ ದಾಖಲಾಗಿದೆಯೇ ಎಂದು ಇವತ್ತೇ ಪರೀಕ್ಷಿಸಿ. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ಇನ್ನೊಂದು ಎಂದಾದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ: ದೇಶದಲ್ಲಿ ಹಸಿರು ಹೆಚ್ಚಾಗಿದೆ ಅಂತ ಟಿವಿಯಲ್ಲಿ ಬಂತು. ನಮ್ಮ ಕಾಡಂಚಿನಲ್ಲಿ ಬರೀ ಲಂಟಾನ. ದನಕ್ಕೆ ಹುಲ್ಲಿಲ್ಲ, ಆನೆ ಹೊಲಕ್ಕೆ ಬರುತ್ತದೆ. ಉಪಗ್ರಹ ಸುಳ್ಳು ಹೇಳುತ್ತದೆಯೇ?
– ಒಬ್ಬ ಓದುಗರು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ನೀವು ಕಂಡದ್ದೂ ನಿಜ, ಉಪಗ್ರಹ ಕಂಡದ್ದೂ ನಿಜ. ನೀವು ಕೇಳಿದ ಸುದ್ದಿ ಬಹುಶಃ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ್ದು. 2000ದಿಂದ 2017ರವರೆಗಿನ ಉಪಗ್ರಹ ಮಾಹಿತಿಯನ್ನು ಅದು ಪರಿಶೀಲಿಸಿತ್ತು. ಭಾರತದಲ್ಲಿ ಹೆಚ್ಚಿದ ಹಸಿರಿನಲ್ಲಿ ಶೇ 82ರಷ್ಟು ಹೊಲಗದ್ದೆಗಳದ್ದು, ಕಾಡಿನದು ಶೇ 4.4 ಮಾತ್ರ ಎಂಬುದು ಅದೇ ಅಧ್ಯಯನದ ಮಾತು. ಸುದ್ದಿಯ ತಲೆಬರಹದಲ್ಲಿ ಇದು ಬರಲಿಲ್ಲ.

ಹಸಿರಿನ ಸೂಚ್ಯಂಕಕ್ಕೆ ಹುಲ್ಲೂ ಎಲೆ, ಲಂಟಾನವೂ ಎಲೆ. ದನ ಯಾವುದನ್ನು ತಿನ್ನುತ್ತದೆ ಎಂಬುದು ಅದಕ್ಕೆ ತಿಳಿಯದು. ದೊಡ್ಡ ಮರಗಳು ಎಲೆ ಉದುರಿಸುವ ತಿಂಗಳುಗಳಲ್ಲಿ ಕೆಳಗಿನ ಪೊದೆ ಚಿತ್ರದಲ್ಲಿ ಬಯಲಾಗುತ್ತದೆ; ಲಂಟಾನದ ನಕ್ಷೆ ಮಾಡುವವರು ಆ ಸಮಯವನ್ನೇ ಆರಿಸಿಕೊಳ್ಳುತ್ತಾರೆ. ಅವರಿಗೆ ನಿಮ್ಮಂಥವರು ತೋರಿಸುವ ಜಾಗಗಳು ಬೇಕು. ಲಂಟಾನ ಮುತ್ತಿದ ಜಾಗಗಳನ್ನು ಮೊಬೈಲಿನಲ್ಲಿ ಗುರುತಿಸಿ, ನಿಮ್ಮ ಪರಿಸರ ಅಭಿವೃದ್ಧಿ ಸಮಿತಿಯ ಮೂಲಕ ಅರಣ್ಯ ಇಲಾಖೆಗೆ ಕೊಡಿ.

ಬೇಸಿಗೆಯಲ್ಲಿ ಒಣಗಿದ ಲಂಟಾನಕ್ಕೆ ಬೆಂಕಿ ಬೇಗ ಹತ್ತುತ್ತದೆ. ಅರಣ್ಯ ಸರ್ವೇಕ್ಷಣೆಯವರು ಉಪಗ್ರಹ ಪತ್ತೆಹಚ್ಚಿದ ಕಾಡ್ಗಿಚ್ಚಿನ ಎಚ್ಚರಿಕೆಯನ್ನು ಮೊಬೈಲಿಗೆ ಕಳಿಸುತ್ತಾರೆ. ಸಾರ್ವಜನಿಕರೂ ಹೆಸರು ನೋಂದಾಯಿಸಬಹುದು. ಕಾಡಂಚಿನಲ್ಲಿರುವ ನೀವು ತಪ್ಪದೆ ನೋಂದಾಯಿಸಿ.

ಪ್ರಶ್ನೆ: ಮನೆಯ ಹಿತ್ತಲು, ತಾರಸಿ ಎಲ್ಲ ಮೇಲಿನಿಂದ ಕಾಣುತ್ತದಂತೆ. ಹೆಣ್ಣುಮಕ್ಕಳಿರುವ ಮನೆ, ಹೆದರಿಕೆಯಾಗುತ್ತದೆ.
– ಒಬ್ಬ ಗೃಹಿಣಿ, ಗದಗ

ಉತ್ತರ: ಹೆದರಿಕೆ ಸಹಜವಮ್ಮ. ಬೆಳೆ, ಕಾಡು ನೋಡುವ ಸೆಂಟಿನೆಲ್-2 ಉಪಗ್ರಹದ ಒಂದು ಚೌಕ 10 ಮೀಟರ್ ಉದ್ದಗಲದ್ದು, ಸರಿಸುಮಾರು ಒಂದು ಗುಂಟೆ. ನಿಮ್ಮ ಹಿತ್ತಲು ಪೂರ್ತಿ ಒಂದೇ ಚುಕ್ಕೆ. ಖಾಸಗಿ ಕಂಪನಿಗಳ ಅತಿ ಸ್ಪಷ್ಟ ಚಿತ್ರದಲ್ಲೂ ಒಂದು ಚೌಕ ಸುಮಾರು 30 ಸೆಂಟಿಮೀಟರ್. ನಿಂತ ಮನುಷ್ಯ ಒಂದೆರಡು ಚುಕ್ಕೆಯಾದಾನು, ಮುಖ ಕಾಣದು. ಆದರೆ ಡ್ರೋನ್ ಬೇರೆ ವಿಷಯ. ತಾರಸಿಯ ಮೇಲೆ ಯಾರಾದರೂ ಡ್ರೋನ್ ಹಾರಿಸಿದರೆ ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ನಮ್ಮ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಬೆಟ್ಟ) ಎಷ್ಟು ಬದಲಾಗಿದೆ ಎಂದು ಉಪಗ್ರಹ ಚಿತ್ರದಲ್ಲಿ ನೋಡಹೊರಟರೆ ಮಳೆಗಾಲದ ಚಿತ್ರವೆಲ್ಲ ಬಿಳಿ. ನಾನೇನಾದರೂ ತಪ್ಪು ಮಾಡುತ್ತಿದ್ದೇನೆಯೇ?
– ವಿದ್ಯಾರ್ಥಿ, ಶಿರಸಿ

ಉತ್ತರ: ನಿಮ್ಮ ತಪ್ಪೇನೂ ಇಲ್ಲ, ಅದು ಮೋಡ. ಬೆಳಕನ್ನು ನಂಬಿದ ಉಪಗ್ರಹಗಳಿಗೆ ನಿಮ್ಮ ಕಡೆಯ ಜೂನ್‌ನಿಂದ ಸೆಪ್ಟೆಂಬರ್ ಹೆಚ್ಚುಕಡಿಮೆ ಮುಚ್ಚಿದ ಬಾಗಿಲೇ. ರೇಡಾರ್ (ತಾನೇ ತರಂಗ ಕಳಿಸಿ ಮರಳಿದ್ದನ್ನು ಅಳೆಯುವ) ಉಪಗ್ರಹಗಳಿಗೆ ಮೋಡದ ಅಡ್ಡಿಯಿಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ–ನಾಸಾ ಜಂಟಿ ಉಪಗ್ರಹ ನಿಸಾರ್ ಆ ಬಗೆಯದು.

ಆದರೆ ನಿಮ್ಮ ಕೆಲಸಕ್ಕೆ ಫೆಬ್ರುವರಿ, ಮಾರ್ಚ್ ಚಿತ್ರಗಳೇ ಸಾಕು. ಆಗ ಬೆಟ್ಟದ ಎಲೆ ಉದುರುವ ಮರಗಳು ಬೋಳಾಗಿರುತ್ತವೆ, ಅಕೇಶಿಯಾ ಮತ್ತು ಅಡಿಕೆ ಹಸಿರಾಗಿಯೇ ಇರುತ್ತವೆ. ಹಳೆಯದಕ್ಕೆ ಲ್ಯಾಂಡ್‌ಸ್ಯಾಟ್ ನೋಡಿ: 1972ರಿಂದ ಸಂಗ್ರಹವಿದೆ, 2008ರಿಂದ ಎಲ್ಲರಿಗೂ ಉಚಿತ. ಬೇರೆ ಬೇರೆ ವರ್ಷಗಳನ್ನು ಹೋಲಿಸುವಾಗ ತಿಂಗಳು ಮಾತ್ರ ಒಂದೇ ಇರಲಿ. ಚಿತ್ರದಲ್ಲಿ ಗಿಡಮರ ಕೆಂಪಾಗಿ ಕಂಡರೆ ಗಾಬರಿ ಬೇಡ, ಅವಕೆಂಪು ಬೆಳಕಿಗೆ ಕೆಂಪು ಬಣ್ಣ ಕೊಡುವುದು ರೂಢಿ.

ಆಮೇಲೆ ಬೆಟ್ಟಕ್ಕೆ ಹೋಗಿ. ಐವತ್ತು ಜಾಗಗಳಲ್ಲಿ ನಿಂತು ಸ್ಥಳದ ಗುರುತು, ತಾರೀಖು, ಅಲ್ಲಿರುವ ಮರ ಬರೆದುಕೊಳ್ಳಿ. ಅಲ್ಲಿ ಮೊದಲು ಏನಿತ್ತೆಂದು ಸೊಪ್ಪು ತರುತ್ತಿದ್ದ ಹಿರಿಯರನ್ನು ಕೇಳಿ. ಪಟ್ಟಿ ಸಿದ್ಧವಾದ ಮೇಲೆ ನನಗೊಂದು ಪ್ರತಿ ಕಳಿಸಿ, ನಿಮ್ಮ ನಕ್ಷೆಯ ಜೊತೆ ಇಟ್ಟು ನೋಡೋಣ.